ಪಾದ ಮಾತ್ರ ಉಳಿದಿತ್ತು: ಕಾಂಬೋಡಿಯಾದಲ್ಲಿ ಏಳು ದಿನ

ಮೊದಲ ದಿನ: ಸಿಯೆಮ್ ರೀಪ್

ಈ ಪ್ರವಾಸಕ್ಕೆ ಕಾರಣ ನನ್ನ ಸೋದರಮಾವ. ಕುಂದಾಪುರದ ಕಡೆಯವರು, ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು ಈಗ ನಿವೃತ್ತರು, ಮಳೆಗಾಲ ಬಂತೆಂದರೆ ತಾಳಮದ್ದಲೆಯಲ್ಲಿ ಅರ್ಥ ಹೇಳುವವರು. ಅವರ ಇಷ್ಟದ ಪಾತ್ರ ಕೌರವ. ಒಂದು ದಿನ ಫೋನ್ ಮಾಡಿ, "ಕೌರವನ ವಿಗ್ರಹವನ್ನು ಯುದ್ಧದ ಕಾಲದಲ್ಲಿ ಕಾಲು ಕತ್ತರಿಸಿ ಕದ್ದಿದ್ದರಂತೆ ಮಾರಾಯ. ಅಮೆರಿಕಕ್ಕೆ ಹೋದವ ವಾಪಸ್ ಬಂದಿದ್ದಾನಂತೆ. ನೋಡಿ ಬರುವನಾ?" ಅಂದರು. ಅಷ್ಟೇ. 2025ರ ಜನವರಿಯಲ್ಲಿ ಹೊರಟೆವು.

ಬೆಂಗಳೂರಿನಿಂದ ಬ್ಯಾಂಕಾಕ್, ಅಲ್ಲಿಂದ ಸಿಯೆಮ್ ರೀಪ್. ಹೊಸ ವಿಮಾನ ನಿಲ್ದಾಣ ಊರಿಂದ ತುಂಬಾ ದೂರ ಇದೆ, ಕಾರಿಗೆ ಮೊದಲೇ ಹೇಳಿಟ್ಟಿದ್ದು ಒಳ್ಳೆಯದಾಯಿತು. ದಾರಿಯುದ್ದಕ್ಕೂ ತಾಳೆಮರ, ಕೊಯ್ಲು ಮುಗಿದ ಗದ್ದೆ, ಕಂಬದ ಮೇಲೆ ನಿಂತ ಮರದ ಮನೆಗಳು, ಮನೆಯ ಕೆಳಗೆ ಜೋಲಿ ಕಟ್ಟಿಕೊಂಡು ಮಲಗಿದ ಮಕ್ಕಳು. ಮಾವ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಸಂಜೆ ಹಾಗೇ ಸುಮ್ನೆ ನದಿ ದಂಡೆಯಲ್ಲಿ ಅಡ್ಡಾಡಿ, ಬಾಳೆ ಎಲೆಯ ದೊನ್ನೆಯಲ್ಲಿ ಬೇಯಿಸಿದ ಅಮೋಕ್ ತಿಂದೆವು. ಮೀನಿಗೆ ತೆಂಗಿನ ಹಾಲು, ಮಜ್ಜಿಗೆಹುಲ್ಲು, ಅರಿಶಿನ. ಮಾವನಿಗೆ ಮೊದಲ ತುತ್ತಿಗೇ ಊರು ನೆನಪಾಯಿತು. ಒಂದು ಮಾತು: ಇಲ್ಲಿ ಡಾಲರ್ ಎಲ್ಲ ಕಡೆ ನಡೆಯುತ್ತದೆ, ಆದರೆ ನೋಟು ಚೂರು ಹರಿದಿದ್ದರೂ ತೆಗೆದುಕೊಳ್ಳುವುದಿಲ್ಲ. ನಮ್ಮ ಹತ್ತಿರ ಇದ್ದ ಒಂದು ಇಪ್ಪತ್ತರ ನೋಟು ಕೊನೆಯವರೆಗೂ ನಮ್ಮ ಹತ್ತಿರವೇ ಉಳಿಯಿತು.

ಎರಡನೇ ದಿನ: ಗುಂಡಿನ ಗುರುತು, ಮೂರು ಲಕ್ಷ ಕಲ್ಲು

ಸೂರ್ಯೋದಯಕ್ಕೆ ಅಂಗ್ಕೋರ್ ವಾಟ್‌ಗೆ ಹೋದೆವು. ಮೂರು ದಿನದ ಪಾಸಿಗೆ 62 ಡಾಲರ್. ಹಿಂದಿನ ದಿನವೇ ಫೋನಿನಲ್ಲಿ ತೆಗೆದಿಟ್ಟುಕೊಂಡರೆ ಕತ್ತಲಲ್ಲಿ ಸಾಲು ನಿಲ್ಲುವುದು ತಪ್ಪುತ್ತದೆ. ಕೊಳದ ಹತ್ತಿರ ಸಾವಿರ ಜನ ಮೊಬೈಲ್ ಎತ್ತಿ ನಿಂತಿದ್ದರು. ನಾವು ಅಲ್ಲಿ ಜಾಸ್ತಿ ಹೊತ್ತು ನಿಲ್ಲದೆ ಪಶ್ಚಿಮದ ಮೊಗಸಾಲೆಗೆ ಹೋದೆವು. ಅಲ್ಲಿ ಕುರುಕ್ಷೇತ್ರ ಇದೆ. ಗೋಡೆಯ ಎರಡು ತುದಿಯಿಂದ ಎರಡು ಸೈನ್ಯ ನಡೆದು ಬರುತ್ತವೆ, ನಡುವಿಗೆ ಬಂದ ಹಾಗೆ ಮೈಗೆ ಮೈ ತಾಗುತ್ತದೆ, ಬಾಣಗಳ ಮೇಲೆ ಭೀಷ್ಮ ಮಲಗಿದ್ದಾನೆ. ಮಾವ ಗೋಡೆಯ ಉದ್ದಕ್ಕೂ ನಡೆದು, "ಇವ ದ್ರೋಣ, ಇವ ಕರ್ಣ" ಅಂತ ಹೇಳುತ್ತಾ ಹೋದರು. ಹಿಂದೆ ಬರುತ್ತಿದ್ದ ಸ್ಥಳೀಯ ಗೈಡ್ ಒಬ್ಬ ನಿಂತು ಕೇಳಿಸಿಕೊಂಡ. ಅವನೇ ನಮ್ಮನ್ನು ಆಮೇಲೆ ಪ್ರವೇಶದ್ವಾರದ ಹತ್ತಿರ ಕರೆದುಕೊಂಡು ಹೋಗಿ ಕಲ್ಲಿನಲ್ಲಿದ್ದ ಸಣ್ಣ ಗುಳಿಗಳನ್ನು ತೋರಿಸಿದ. ಬೆರಳ ತುದಿ ಸರಿಯಾಗಿ ಕೂರುವಷ್ಟು. ಗುಳಿಯ ಸುತ್ತ ಕಲ್ಲು ಚಕ್ಕೆ ಎದ್ದು ಬಿಳಿಚಿತ್ತು, ಒಳಗೆ ಪಾಚಿ ಇನ್ನೂ ಹಿಡಿದಿರಲಿಲ್ಲ. ಬಂದೂಕಿನ ಗುಂಡು.

1970ರಲ್ಲಿ ಕಾಂಬೋಡಿಯಾದಲ್ಲಿ ಅಂತರ್ಯುದ್ಧ ಶುರುವಾದಾಗ ಅಂಗ್ಕೋರ್ ಒಂದು ಪಕ್ಷದ ಕೈಯಲ್ಲಿತ್ತು, ಆರು ಕಿಲೋಮೀಟರ್ ಆಚೆಯ ಸಿಯೆಮ್ ರೀಪ್ ಊರು ಇನ್ನೊಂದು ಪಕ್ಷದ ಕೈಯಲ್ಲಿತ್ತು. ದೇವಸ್ಥಾನಗಳ ಉಸ್ತುವಾರಿ ನೋಡುತ್ತಿದ್ದ ಫ್ರೆಂಚ್ ವಿದ್ವಾಂಸ ಬರ್ನಾರ್ ಫಿಲಿಪ್ ಗ್ರೋಲಿಯೆ ಮತ್ತು ಅವರ ಖ್ಮೇರ್, ಅಂದರೆ ಕಾಂಬೋಡಿಯಾದವರೇ ಆದ, ಕೆಲಸಗಾರರು ಎರಡೂ ಕಡೆಯವರ ಒಪ್ಪಿಗೆ ಪಡೆದು, ದಿನಾ ಸೈಕಲ್ ತುಳಿದುಕೊಂಡು ಯುದ್ಧದ ಗಡಿ ದಾಟಿ ಕೆಲಸಕ್ಕೆ ಬರುತ್ತಿದ್ದರು. 1972ರವರೆಗೆ ಹೀಗೇ ನಡೆಯಿತು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಮನೆಯಿಂದ ಹೊರಟು, ಬಂದೂಕು ಹಿಡಿದವರ ನಡುವೆ ಸೈಕಲ್ ಹೊಡೆದು, ಕಲ್ಲು ಜೋಡಿಸಿ ಸಂಜೆ ವಾಪಸ್. ಈ ಜನರಿಗೆ ಒಂದು ಸ್ಮಾರಕ ಇರಬೇಕಿತ್ತು ಅನ್ನಿಸಿತು ನನಗೆ.

ಮಧ್ಯಾಹ್ನ ಬಾಫೂವೊನ್. 1960ರ ದಶಕದಲ್ಲಿ ಈ ದೇವಸ್ಥಾನ ಕುಸಿಯುತ್ತಿದೆ ಅಂತ ಪೂರ್ತಿ ಬಿಚ್ಚಿ ಮತ್ತೆ ಕಟ್ಟಲು ಹೊರಟಿದ್ದರು. ಸುಮಾರು 3 ಲಕ್ಷ ಕಲ್ಲುಗಳನ್ನು ತೆಗೆದು ಸುತ್ತಲಿನ ಕಾಡಿನಲ್ಲಿ ಸಾಲಾಗಿ ಇಟ್ಟು, ಯಾವ ಕಲ್ಲು ಎಲ್ಲಿಯದು ಅಂತ ಬರೆದಿಟ್ಟುಕೊಂಡಿದ್ದರು. ಯುದ್ಧ ಬಂತು, ಕೆಲಸ ನಿಂತಿತು. 1975ರಲ್ಲಿ ಖ್ಮೇರ್ ರೂಜ್ ಅನ್ನುವ ಕಮ್ಯುನಿಸ್ಟ್ ಬಂಡುಕೋರರು ರಾಜಧಾನಿಯನ್ನು ಹಿಡಿದಾಗ ಆ ದಾಖಲೆಗಳೂ ಹಾಳಾಗಿ ಹೋದವು. ಕಲ್ಲುಗಳು ಉಳಿದವು, ಲೆಕ್ಕ ಹೋಯಿತು. 1995ರಲ್ಲಿ ಮತ್ತೆ ಕೆಲಸಕ್ಕೆ ಕೈಹಾಕಿ, ಹಳೆಯ ಫೋಟೋ ನೋಡಿ, ಕಲ್ಲಿಗೆ ಕಲ್ಲು ಹೊಂದಿಸಿ ಮುಗಿಸುವಾಗ 2011. ಇಂದಿಗೂ ಪಕ್ಕದ ಮರಗಳ ಕೆಳಗೆ ಜಾಗ ಸಿಗದ ಕಲ್ಲುಗಳು ಬಿದ್ದಿವೆ. ಒಂದರ ಮೇಲೆ ಕೂತು ನೀರು ಕುಡಿಯುತ್ತಿದ್ದೆ. ಅದರಲ್ಲಿ ಅರ್ಧ ತಾವರೆ ಕೆತ್ತಿದ್ದು ಕಂಡಿತು, ಎದ್ದು ನಿಂತೆ.

ನಮ್ಮ ಪುರಾತತ್ವ ಇಲಾಖೆಯವರೂ ಇಲ್ಲಿ ಕೆಲಸ ಮಾಡಿದ್ದಾರೆ. 1986ರಿಂದ 1993ರವರೆಗೆ ಅಂಗ್ಕೋರ್ ವಾಟ್ ದುರಸ್ತಿ ಮಾಡಿದ್ದು ಭಾರತದ ತಂಡ. ಆಗ ಇನ್ನೂ ಹೋರಾಟ ಮುಗಿದಿರಲಿಲ್ಲ, ಸುತ್ತಮುತ್ತ ನೆಲಬಾಂಬು. ಅವರ ಕೆಲಸದ ರೀತಿಯ ಬಗ್ಗೆ ಆಮೇಲೆ ಟೀಕೆ ಬಂತು ನಿಜ, ಆದರೆ ಬೇರೆಯವರು ಬರಲು ಹಿಂಜರಿದ ಹೊತ್ತಿನಲ್ಲಿ ಅವರು ಬಂದಿದ್ದರು ಅನ್ನುವುದನ್ನೂ ಹೇಳಬೇಕು ಅಲ್ವಾ.

ಮೂರನೇ ದಿನ: ಓಲೆಬೆಲ್ಲ ಮತ್ತು ಬಾಂತೇ ಸ್ರೇ

ಇವತ್ತು ರೆಮೋರ್ಕ್ ತೆಗೆದುಕೊಂಡೆವು. ಬೈಕಿಗೆ ಕಟ್ಟಿದ ಗಾಡಿ, ನಾಲ್ಕು ಜನ ಕೂರಬಹುದು. ಬೆಳಗಿನ ಹೊತ್ತು ಚಳಿಗಾಳಿ, ಒಂದು ಶಾಲು ಬೇಕೇ ಬೇಕು. ಪ್ರೆಹ್ ದಾಕ್ ಅನ್ನುವ ಹಳ್ಳಿಯಲ್ಲಿ ರಸ್ತೆ ಬದಿಗೆ ದೊಡ್ಡ ಬಾಣಲೆಯಲ್ಲಿ ತಾಳೆಯ ರಸ ಕುದಿಸುತ್ತಿದ್ದರು. ಗಾಡಿ ನಿಲ್ಲುವ ಮೊದಲೇ ಮಾವ ಇಳಿದರು. ನಮ್ಮ ಕಡೆಯ ಓಲೆಬೆಲ್ಲವೇ! ಬಿಲ್ಲೆ ಮಾಡಿ, ತಾಳೆಗರಿಯ ಸಣ್ಣ ಕೊಳವೆಯಲ್ಲಿ ಒಂದರ ಮೇಲೊಂದು ಇಟ್ಟು ಕಟ್ಟುತ್ತಾರೆ. ಬಾಣಲೆ ಕದಡುತ್ತಿದ್ದ ಹೆಂಗಸು ಬಿಸಿ ಬೆಲ್ಲವನ್ನು ಗರಿಯ ತುದಿಯಲ್ಲಿ ಹಚ್ಚಿ ಇಬ್ಬರಿಗೂ ಕೊಟ್ಟಳು. ಪಕ್ಕದಲ್ಲೇ ನೋಂ ಬಾನ್ ಚೋಕ್. ಒತ್ತುಶಾವಿಗೆ ಅಂದುಕೊಳ್ಳಿ, ಮೇಲೆ ಹಸಿರು ಬಣ್ಣದ ಮೀನಿನ ಸಾರು, ಹಸಿ ಸೊಪ್ಪು, ಬಾಳೆಹೂವು. ಬೆಳಗಿನ ತಿಂಡಿಗೆ ಅದೇ.

ಬಾಂತೇ ಸ್ರೇ 967ರ ದೇವಸ್ಥಾನ. ಕಲ್ಲಿನ ಬಣ್ಣ ನಸುಗೆಂಪು, ಕೆತ್ತನೆ ನೋಡಿದರೆ ಬೇಲೂರಿನವರಿಗೂ ಕಣ್ಣು ಅರಳುತ್ತದೆ. 1923ರಲ್ಲಿ ಆಂದ್ರೆ ಮಾಲ್ರೋ ಅನ್ನುವ ಫ್ರೆಂಚ್ ಯುವಕ ಇಲ್ಲಿಗೆ ಬಂದು ಗರಗಸ ಹಾಕಿ ದೇವತೆಗಳನ್ನು ಕಿತ್ತು ಎತ್ತಿನ ಗಾಡಿಯಲ್ಲಿ ಸಾಗಿಸಿದ್ದ. ರಾಜಧಾನಿ ನಾಮ್ ಪೆನ್‌ನಲ್ಲಿ ಸಿಕ್ಕಿಬಿದ್ದ, ಕಲ್ಲುಗಳು ವಾಪಸ್ ಬಂದವು. ಆತ ಮುಂದೆ ದೊಡ್ಡ ಲೇಖಕನಾದ, ಫ್ರಾನ್ಸಿನ ಸಂಸ್ಕೃತಿ ಮಂತ್ರಿಯೂ ಆದ. ಆಗ ಯುದ್ಧ ಇರಲಿಲ್ಲ, ಕಾನೂನು ಇತ್ತು, ಪೊಲೀಸರಿದ್ದರು, ಅದಕ್ಕೇ ಸಿಕ್ಕಿಬಿದ್ದ. ಐವತ್ತು ವರ್ಷದ ನಂತರ ಅದೇ ಗರಗಸ, ಅದೇ ಎತ್ತಿನ ಗಾಡಿ. ಆಗ ಹಿಡಿಯಲು ಯಾರೂ ಇರಲಿಲ್ಲ.

ಸಂಜೆ ವಾಪಸ್ ಬಂದ ಮೇಲೆ ನಮ್ಮ ಹೋಟೆಲಿನ ಯಜಮಾನರ ಜೊತೆ ಮಾತಿಗೆ ಕೂತೆವು. ಸಿಯೆಮ್ ರೀಪ್‌ನಲ್ಲೇ ಸುರಕ್ಷತೆಗೆ ಅಂತ ವಿಗ್ರಹಗಳನ್ನು ತಂದಿಡುತ್ತಿದ್ದ ಒಂದು ಉಗ್ರಾಣ ಇದೆ, ಅಂಗ್ಕೋರ್ ಕನ್ಸರ್ವೇಶನ್. 1993ರಲ್ಲಿ ಅಲ್ಲಿಗೇ ಶಸ್ತ್ರ ಹಿಡಿದು ನುಗ್ಗಿ ವಿಗ್ರಹಗಳನ್ನು ಹೊತ್ತುಕೊಂಡು ಹೋದರು. ನಮ್ಮ ಯಜಮಾನರು ಆಗ ಹುಡುಗ. ರಾತ್ರಿ ದೊಡ್ಡ ಸದ್ದು ಕೇಳಿಸಿತ್ತು, ಅಮ್ಮ ಎಲ್ಲರನ್ನೂ ನೆಲದ ಮೇಲೆ ಮಲಗಿಸಿದ್ದಳು ಅಂದರು. ಆದರೆ ಆ ಉಗ್ರಾಣದ ವಸ್ತುಗಳಿಗೆಲ್ಲ ಹಳೆಯ ಫೋಟೋ, ಅಳತೆ, ನಂಬರು ಇತ್ತು. ಅದೇ ವರ್ಷ ಜಗತ್ತಿನ ಮ್ಯೂಸಿಯಂಗಳ ಒಕ್ಕೂಟದವರು ಕಳುವಾದ ನೂರು ವಸ್ತುಗಳ ಫೋಟೋ ಹಾಕಿ ಪುಸ್ತಕ ಮಾಡಿ ಹಂಚಿದರು. ಅದರಿಂದ ಕೆಲವು ಪತ್ತೆಯಾಗಿ ವಾಪಸ್ ಬಂದವು.

ಮಾವ ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಊರಿನ ಗದ್ದೆ ಬದಿಯ ವೀರಗಲ್ಲಿಗೆ ಒಂದು ಫೋಟೋ ಆದರೂ ಉಂಟಾ ಮಾರಾಯ?" ಅಂತ ಕೇಳಿದರು. ಇಲ್ಲ. ನನ್ನ ಹತ್ತಿರ ಅದರ ಮುಂದೆ ನಿಂತ ನನ್ನ ಫೋಟೋ ಇದೆ, ಕಲ್ಲು ಅರ್ಧ ಕಾಣಿಸುತ್ತದೆ.

ನಾಲ್ಕನೇ ದಿನ: ಕೋಹ್ ಕೇರ್

ಸಿಯೆಮ್ ರೀಪ್‌ನಿಂದ ಸುಮಾರು 120 ಕಿಲೋಮೀಟರ್. ಮೂರು ದಿನಕ್ಕೆ ಕಾರು ಮಾಡಿಕೊಂಡಿದ್ದೆವು. ಡ್ರೈವರ್‌ನನ್ನು "ಬೊಂಗ್" ಅಂತ ಕರೆಯುತ್ತಿದ್ದೆವು. ಅಣ್ಣ ಅಥವಾ ಅಕ್ಕ ಅನ್ನುವುದಕ್ಕೆ ಅಲ್ಲಿ ಅದೇ ಮಾತು. ಬೆಂಗ್ ಮೇಲಿಯಾ ದಾಟಿದ ಮೇಲೆ ಗೋಡಂಬಿ ತೋಟಗಳು, ಕೆಂಪು ಧೂಳು. ಅಲ್ಲೇ ಒಂದು ಕಡೆ ಟೈರು ಪಂಕ್ಚರ್. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಬೊಂಗ್ ಬೈಕಿನವನೊಬ್ಬನ ಹಿಂದೆ ಚಕ್ರ ಹಿಡಿದುಕೊಂಡು ಕೂತು ಹೋದ. ನಾವು ರಸ್ತೆ ಬದಿಯಲ್ಲಿ ಕ್ರಲಾನ್ ಮಾರುತ್ತಿದ್ದ ಅಜ್ಜಿಯ ಗುಡಿಸಲಿಗೆ ಹೋದೆವು.

ಕ್ರಲಾನ್ ಅಂದರೆ ಬಿದಿರಿನ ಗಳದೊಳಗೆ ಅಂಟಕ್ಕಿ, ತೆಂಗಿನ ಹಾಲು, ಕಪ್ಪು ಕಾಳು ತುಂಬಿ ಕೆಂಡದ ಮೇಲೆ ಬೇಯಿಸುವುದು. ಸುಟ್ಟ ಬಿದಿರನ್ನು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿಯಬೇಕು, ಒಳಗೆ ಬಿದಿರಿನ ತೆಳು ಪೊರೆ ಅನ್ನಕ್ಕೆ ಅಂಟಿಕೊಂಡು ಬರುತ್ತದೆ. ಅಜ್ಜಿ ಸುಲಿದು ಕೊಟ್ಟಳು. ಭಾಷೆ ಬರದಿದ್ದರೂ ಮಾತಾಡಿದಳು. ಗುಡಿಸಲಿನ ಹಿಂದೆ ಕೈ ತೋರಿಸಿ, ಕಾಲಿನ ಹತ್ತಿರ ಕೈ ತಂದು, "ಬೂಮ್" ಅಂದಳು. ಮೊದಲು ಏನೆಂದು ಹೊಳೆಯಲಿಲ್ಲ. ಬೊಂಗ್ ಬಂದ ಮೇಲೆ ಕೇಳಿ ಹೇಳಿದ: ಆ ಕಾಡಿನಲ್ಲಿ ನೆಲಬಾಂಬು ಇತ್ತು, ಅವಳ ಗಂಡನ ಕಾಲು ಅಲ್ಲೇ ಹೋಗಿದ್ದು. ಈಗ ತೆಗೆದಿದ್ದಾರೆ. ಆದರೂ ಕೋಹ್ ಕೇರ್ ಕಡೆ ಹೋಗುವವರು ಕಾಲುದಾರಿ ಬಿಟ್ಟು ಪೊದೆಯೊಳಗೆ ಹೋಗಲೇಬಾರದು, ಎಂಥಾ ಒಳ್ಳೆಯ ಫೋಟೋ ಸಿಗುತ್ತದೆ ಅಂದರೂ.

ಕೋಹ್ ಕೇರ್ 928ರಿಂದ 944ರವರೆಗೆ ನಾಲ್ಕನೇ ಜಯವರ್ಮ ಮತ್ತು ಅವನ ಮಗನ ರಾಜಧಾನಿ. ಏಳು ಹಂತದ, 36 ಮೀಟರ್ ಎತ್ತರದ ಪಿರಮಿಡ್ ಇದೆ. ಎಲ್ಲರೂ ಅದನ್ನು ಹತ್ತಿ ಇಳಿದು ಹೋಗುತ್ತಾರೆ. ನಾವು ಹುಡುಕಿಕೊಂಡು ಹೋಗಿದ್ದು ಪ್ರಾಸಾತ್ ಚೆನ್. ಪ್ರಾಸಾತ್ ಅಂದರೆ ನಮ್ಮ ಪ್ರಾಸಾದವೇ. ಚಿಕ್ಕ ದೇವಸ್ಥಾನ, ಮುರಿದ ಜಂಬಿಟ್ಟಿಗೆಯ ಗೋಡೆ, ಎಲೆ ಉದುರಿದ ಮರಗಳು, ನಮ್ಮನ್ನು ಬಿಟ್ಟರೆ ಒಬ್ಬ ಮುದುಕ ಕಾವಲುಗಾರ. ಬೊಂಗ್ ಅವರನ್ನು "ತಾ" ಅಂದ, ಅಂದರೆ ಅಜ್ಜ. ನಾವೂ ಹಾಗೇ ಕರೆದೆವು.

ಪಶ್ಚಿಮದ ಗೋಪುರದಲ್ಲಿ ಒಂದು ಕಾಲದಲ್ಲಿ ಒಂಬತ್ತು ವಿಗ್ರಹಗಳಿದ್ದವು. ನಡುವೆ ಭೀಮ, ದುರ್ಯೋಧನ ಗದೆ ಹಿಡಿದು ಎದುರುಬದುರು. ಸುತ್ತ ಕೂತು ನೋಡುತ್ತಿರುವ ಪಾಂಡವರು, ಕೃಷ್ಣ, ಬಲರಾಮ. ಗೋಡೆಯ ಉಬ್ಬುಶಿಲ್ಪ ಅಲ್ಲ, ಸುತ್ತಲೂ ನಡೆದು ನೋಡಬಹುದಾದ ಆಳೆತ್ತರದ ವಿಗ್ರಹಗಳು. ಕಲ್ಲಿನಲ್ಲಿ ನಿಲ್ಲಿಸಿದ ಬಯಲಾಟ ಅನ್ನಿ. ಮಾವ ಹೇಳಿದ ಒಂದು ಮಾತು ನನಗೆ ರೋಮಾಂಚನ ತಂದಿತು. ಪಂಪ ತನ್ನ ಭಾರತ ಬರೆದದ್ದು 941ರಲ್ಲಿ. ಅಂದರೆ ಅತ್ತ ಪಂಪ ಅರಿಕೇಸರಿಯ ಆಸ್ಥಾನದಲ್ಲಿ ದುರ್ಯೋಧನನ ಬಗ್ಗೆ ಬರೆಯುತ್ತಿದ್ದ ವರ್ಷಗಳಲ್ಲೇ, ಇತ್ತ ಈ ಕಾಡಿನಲ್ಲಿ ಯಾರೋ ಶಿಲ್ಪಿ ದುರ್ಯೋಧನನನ್ನು ಕಡೆಯುತ್ತಿದ್ದ. ರನ್ನನ ಗದಾಯುದ್ಧ ಇನ್ನೂ ಹುಟ್ಟಿರಲಿಲ್ಲ.

ಸುಮಾರು 1972ರ ಹೊತ್ತಿಗೆ, ಈ ಪ್ರದೇಶ ಯುದ್ಧಭೂಮಿ ಆಗಿದ್ದಾಗ, ಕಳ್ಳರ ತಂಡ ಬಂತು. ವಿಗ್ರಹಗಳನ್ನು ಕಾಲಗಂಟಿನ ಹತ್ತಿರ ಮುರಿದು ತೆಗೆದರು. ಪಾದಗಳು ಪೀಠದ ಮೇಲೇ ಉಳಿದವು. ತಲೆ ಬೇರೆ, ಮೈ ಬೇರೆ ಮಾಡಿ ಎತ್ತಿನ ಗಾಡಿಯಲ್ಲಿ ಗಡಿಗೆ, ಅಲ್ಲಿಂದ ಬ್ಯಾಂಕಾಕ್. ದುರ್ಯೋಧನ 1975ರಲ್ಲಿ ಲಂಡನ್‌ನಲ್ಲಿ ಮಾರಾಟವಾದ. ಭೀಮ ಅಮೆರಿಕದ ಪಸಡೀನಾದ ನಾರ್ಟನ್ ಸೈಮನ್ ಮ್ಯೂಸಿಯಂ ಸೇರಿದ. ಮೊಣಕಾಲೂರಿ ಕೂತ ಇಬ್ಬರು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಹೋದರು, ಅದೂ ತಲೆ ಒಂದು ಸಲ, ಮೈ ಇನ್ನೊಂದು ಸಲ. 2011ರಲ್ಲಿ ಸದಬೀಸ್ ಹರಾಜು ಸಂಸ್ಥೆ ದುರ್ಯೋಧನನನ್ನು ಮತ್ತೆ ಮಾರಾಟಕ್ಕಿಟ್ಟಿತು, 20ರಿಂದ 30 ಲಕ್ಷ ಡಾಲರ್ ಅಂದಾಜು. ಕಾಂಬೋಡಿಯಾ ತಡೆಯಿತು. ಎರಿಕ್ ಬೂರ್ದೊನ್ನೋ ಅನ್ನುವ ಫ್ರೆಂಚ್ ಸಂಶೋಧಕ ಅಷ್ಟರಲ್ಲಿ ಪ್ರಾಸಾತ್ ಚೆನ್‌ನ ಪೀಠಗಳನ್ನು ಅಧ್ಯಯನ ಮಾಡಿ, ಇಲ್ಲಿ ಉಳಿದ ಪಾದಕ್ಕೂ ಅಲ್ಲಿರುವ ಮೈಗೂ ತಾಳೆ ಹಾಕಿದ್ದರು. ಅಮೆರಿಕದ ಸರ್ಕಾರವೇ ಕೋರ್ಟಿಗೆ ಹೋಯಿತು. 2013ರ ಡಿಸೆಂಬರ್‌ನಲ್ಲಿ ರಾಜಿಯಾಗಿ, 2014ರ ಜೂನ್‌ನಲ್ಲಿ ದುರ್ಯೋಧನ, ಭೀಮ, ಬಲರಾಮ ಮೂವರೂ ಮನೆಗೆ ಬಂದರು.

ಅಜ್ಜ ಗೋಪುರದ ನೆಲದಲ್ಲಿ ಒಂದು ಕಡೆ ನಿಂತು, ಕಾಲಿನಿಂದ ಒಣ ಎಲೆ ಸರಿಸಿ, "ಇಲ್ಲಿ" ಅಂದರು. ಪಾದಗಳು ಇದ್ದ ಜಾಗ. ಮಾವ ಚಪ್ಪಲಿ ಕಳಚಿ ನಿಂತರು. "ತೊಡೆ ಮುರಿಸಿಕೊಂಡದ್ದು ಕಥೆಯಲ್ಲಿ ಅಂತ ಗೊತ್ತಿತ್ತು. ಕಾಲು ಇಲ್ಲಿ ಕತ್ತರಿಸಿದರಲ್ಲ" ಅಂದರು. ಆಮೇಲೆ ಮಾತಿಲ್ಲ.

ಅಜ್ಜನನ್ನು ಕೇಳಿದೆ, ಕದಿಯುವಾಗ ಹಳ್ಳಿಯವರು ಏನು ಮಾಡಿದರು ಅಂತ. ಬೊಂಗ್ ನಿಧಾನವಾಗಿ ಅನುವಾದಿಸಿದ. ಬಂದೂಕು ಇದ್ದವರು ಕದ್ದರು. ಅನ್ನ ಇಲ್ಲದ ನಮ್ಮವರೇ ಗಾಡಿ ಹೊಡೆದರು. ಪ್ರತಿ ವಿಗ್ರಹದಲ್ಲೂ ಒಂದು ಜೀವ ಇರುತ್ತದೆ, ನ್ಯಾಕ್ ತಾ, ಹಳ್ಳಿ ಕಾಯುವ ಹಿರಿಯ. ಹೋದವು, ಹಳ್ಳಿಗೆ ಕಾವಲು ಇಲ್ಲದ ಹಾಗಾಯಿತು. ನಮ್ಮ ಕಡೆಯ ದೈವದ ಕಲ್ಲು ನೆನಪಾಯಿತು ನನಗೆ. ಅದನ್ನು ಯಾರೋ ಹೊತ್ತುಕೊಂಡು ಹೋಗಿ ದೂರದ ದೇಶದಲ್ಲಿ ದೀಪದ ಕೆಳಗೆ ನಿಲ್ಲಿಸಿದರೆ ಊರವರಿಗೆ ಹೇಗಾದೀತು?

ಗಾಡಿ ಹೊಡೆದವರ ಸಾಕ್ಷಿಯೂ ಮುಂದೆ ಬೇಕಾಯಿತು. ತೋಯೆಕ್ ತಿಕ್ ಅನ್ನುವವನು, ತನಿಖೆಯವರು ಅವನನ್ನು ಸಿಂಹ ಅಂತ ಕರೆಯುತ್ತಿದ್ದರು, ಹುಡುಗನಾಗಿದ್ದಾಗ ಖ್ಮೇರ್ ರೂಜ್ ಸೈನಿಕ, ಆಮೇಲೆ ವರ್ಷಗಟ್ಟಲೆ ದೇವಸ್ಥಾನ ದೋಚಿದವನು. ಸಾಯುವ ಮೊದಲು ಕಾಂಬೋಡಿಯಾದ ಅಧಿಕಾರಿಗಳನ್ನು ಕರೆದುಕೊಂಡು ಕಾಡು ಸುತ್ತಿ, ಯಾವುದು ಎಲ್ಲಿತ್ತು, ಹೇಗೆ ಅಗೆದೆ ಅಂತ ಒಂದೊಂದೇ ಹೇಳಿದ. ಇದೇ ಕೋಹ್ ಕೇರ್‌ನ ಪ್ರಾಸಾತ್ ಕ್ರಾಚಾಪ್‌ನಿಂದ ನವಿಲಿನ ಮೇಲೆ ಕೂತ ಸ್ಕಂದನನ್ನು 1997ರಲ್ಲಿ ತೆಗೆದದ್ದು ತಾನೇ ಅಂತ ಒಪ್ಪಿಕೊಂಡ. ಆ ವಿಗ್ರಹ ವಾಪಸ್ ಬಂತು. 2021ರಲ್ಲಿ ಅವನು ತೀರಿಕೊಂಡ. ಈ ಮಾಲೆಲ್ಲ ಹೋಗಿ ಸೇರುತ್ತಿದ್ದ ಬ್ಯಾಂಕಾಕ್‌ನ ವ್ಯಾಪಾರಿ ಡಗ್ಲಸ್ ಲ್ಯಾಚ್‌ಫರ್ಡ್ ಮೇಲೆ 2019ರಲ್ಲಿ ನ್ಯೂಯಾರ್ಕಿನಲ್ಲಿ ಆರೋಪಪಟ್ಟಿ ಹಾಕಿದರು, ವಿಚಾರಣೆ ಮುಗಿಯುವ ಮೊದಲೇ 2020ರಲ್ಲಿ ಆತ ಸತ್ತ. ಒಬ್ಬ ಕಾಡಿಗೆ ವಾಪಸ್ ಬಂದು ತಪ್ಪು ತೋರಿಸಿದ, ಇನ್ನೊಬ್ಬ ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ. ನನಗೆ ಮೊದಲನೆಯವನ ಮೇಲೆ ಸಿಟ್ಟು ಉಳಿಯಲಿಲ್ಲ.

ಹೊರಡುವಾಗ ಮಾವ ಅಜ್ಜನಿಗೆ ಓಲೆಬೆಲ್ಲದ ಕೊಳವೆ ಕೊಟ್ಟರು. ರಾತ್ರಿ ಸ್ರಾ ಏಮ್ ಅನ್ನುವ ಸಣ್ಣ ಊರಿನಲ್ಲಿ ಉಳಿದೆವು.

ಐದನೇ ದಿನ: ಪ್ರೆಹ್ ವಿಹಿಯರ್

ಬೆಟ್ಟದ ಬುಡದಲ್ಲಿ ಟಿಕೆಟ್, ಅದಕ್ಕೆ ಪಾಸ್‌ಪೋರ್ಟ್ ಬೇಕಿತ್ತು. ಮಾವನ ಪಾಸ್‌ಪೋರ್ಟ್ ರೂಮಿನ ದಿಂಬಿನ ಕೆಳಗೆ. ಅರ್ಧ ತಾಸು ವಾಪಸ್, ಅರ್ಧ ತಾಸು ಮತ್ತೆ. ಅಷ್ಟರಲ್ಲಿ ಮಂಜು ಕರಗಿತ್ತು. ಇಲ್ಲಿಂದ ಮೇಲಕ್ಕೆ ಪಿಕಪ್ ಗಾಡಿಯ ಹಿಂದೆ ನಿಂತೋ ಬೈಕಿನಲ್ಲೋ ಹೋಗಬೇಕಿತ್ತು, ರಸ್ತೆ ಎಷ್ಟು ಕಡಿದು ಅಂದರೆ ಮಾವ ಕಣ್ಣು ಮುಚ್ಚಿಕೊಂಡೇ ಬಂದರು.

ಬೆಟ್ಟದ ಅಂಚಿನಲ್ಲಿ ಶಿವನ ದೇವಸ್ಥಾನ. ಉತ್ತರದಿಂದ ದಕ್ಷಿಣಕ್ಕೆ ಮೆಟ್ಟಿಲು, ಗೋಪುರ, ಮತ್ತೆ ಮೆಟ್ಟಿಲು, ಕೊನೆಯಲ್ಲಿ ಬಂಡೆ ಕಡಿದು ಬಿದ್ದ ಹಾಗೆ ಪ್ರಪಾತ, ಕೆಳಗೆ ಕಾಂಬೋಡಿಯಾದ ಬಯಲು. ಗಾಳಿ ಕಿವಿ ತುಂಬುತ್ತಿತ್ತು. ದೇವಸ್ಥಾನ ಯಾರದು ಅಂತ ಥಾಯ್ಲೆಂಡ್, ಕಾಂಬೋಡಿಯಾ ನಡುವೆ ವ್ಯಾಜ್ಯ. 1962ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಕಾಂಬೋಡಿಯಾದ್ದು ಅಂದಿತು. ಅದೇ ತೀರ್ಪಿನಲ್ಲಿ, ದೇವಸ್ಥಾನದಿಂದ ತೆಗೆದುಕೊಂಡು ಹೋದ ವಿಗ್ರಹ, ಶಾಸನ ಏನಾದರೂ ಇದ್ದರೆ ಥಾಯ್ಲೆಂಡ್ ವಾಪಸ್ ಕೊಡಬೇಕು ಅಂತಲೂ ಇದೆ. ಗಡಿಯ ಸುದ್ದಿಯಲ್ಲಿ ಈ ಸಾಲನ್ನು ಯಾರೂ ಹೇಳುವುದಿಲ್ಲ. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದೇ ಮತ್ತೆ ಗುಂಡಿನ ಕಾಳಗ. 2011ರ ಫೆಬ್ರವರಿಯಲ್ಲಿ ಶೆಲ್ ಬಿದ್ದು ಕಲ್ಲು ಸಿಡಿದವು. ದಾರಿಯ ಪಕ್ಕದಲ್ಲಿ ಮರಳುಚೀಲದ ಬಂಕರುಗಳು ನಾವು ಹೋದಾಗಲೂ ಇದ್ದವು. ಒಂದರ ನೆರಳಿನಲ್ಲಿ ನಾಯಿಮರಿ ಮಲಗಿತ್ತು. ಕಾವಲಿಗಿದ್ದ ಸೈನಿಕ, ಇಪ್ಪತ್ತು ದಾಟಿರಲಿಕ್ಕಿಲ್ಲ, ಮಾವನ ಕೈ ಹಿಡಿದು ಮೆಟ್ಟಿಲು ಹತ್ತಿಸಿದ. "ಇಂಡಿಯಾ? ಶಿವ!" ಅಂತ ಒಳಗಡೆ ತೋರಿಸಿದ.

1954ರಲ್ಲೇ ಹೇಗ್‌ನಲ್ಲಿ ಒಂದು ಒಪ್ಪಂದ ಆಗಿದೆ: ಯುದ್ಧದಲ್ಲಿ ದೇವಸ್ಥಾನ, ಮ್ಯೂಸಿಯಂ, ಗ್ರಂಥಾಲಯಗಳ ಮೇಲೆ ದಾಳಿ ಮಾಡಬಾರದು, ಅವುಗಳನ್ನು ಸೈನ್ಯದ ಕೆಲಸಕ್ಕೂ ಬಳಸಬಾರದು. ಎರಡನೆಯದೇ ಕಷ್ಟ. ಬೆಟ್ಟದ ತುದಿಯ ದೇವಸ್ಥಾನ ಯಾವ ಸೈನ್ಯಕ್ಕೂ ಬೇಕಾದ ಜಾಗ, ಕೆಳಗಿನ ಬಯಲೆಲ್ಲ ಅಲ್ಲಿಂದ ಕಾಣುತ್ತದೆ. ದೇವರ ಪಕ್ಕದಲ್ಲೇ ಬಂಕರ್ ತೋಡಿದ ಮೇಲೆ ಶೆಲ್ ಅದನ್ನೇ ಹುಡುಕಿಕೊಂಡು ಬರುತ್ತದೆ.

ನಾವು ಬಂದ ಆರು ತಿಂಗಳಿಗೆ, 2025ರ ಜುಲೈ 24ರಂದು, ಎರಡೂ ದೇಶಗಳ ನಡುವೆ ಮತ್ತೆ ಕಾಳಗ ಶುರುವಾಯಿತು. ಐದು ದಿನ ನಡೆಯಿತು. ಪ್ರೆಹ್ ವಿಹಿಯರ್‌ಗೆ ಹಾನಿಯಾಗಿದೆ ಅಂತ ಕಾಂಬೋಡಿಯಾ ಹೇಳಿತು. ಸುದ್ದಿ ನೋಡಿ ಮಾವ ಫೋನ್ ಮಾಡಿದ್ದರು. ಕೇಳಿದ್ದು ಆ ಹುಡುಗನ ಬಗ್ಗೆ. ನನಗೆ ಅವನ ಹೆಸರೂ ಗೊತ್ತಿಲ್ಲ. ಈ ಕಥನ ಬರೆಯಲು ಕೂತಿದ್ದೇ ಆ ಫೋನ್ ಇಟ್ಟ ಮೇಲೆ.

ಆರನೇ ದಿನ: ರಸ್ತೆ

ಇಡೀ ದಿನ ರಸ್ತೆಯಲ್ಲೇ. ನಾಮ್ ಪೆನ್‌ಗೆ ಬರುವಾಗ ರಾತ್ರಿ ಎಂಟು. ದಾರಿಯಲ್ಲಿ ಬೊಂಗ್ ತನ್ನ ಅಪ್ಪನ ಕಥೆ ಹೇಳಿದ. 1975ರ ಏಪ್ರಿಲ್‌ನಲ್ಲಿ ಖ್ಮೇರ್ ರೂಜ್ ರಾಜಧಾನಿಯ ಜನರನ್ನೆಲ್ಲ ಹೊರಗಟ್ಟಿದಾಗ ಅಪ್ಪ ಹನ್ನೆರಡು ವರ್ಷದ ಹುಡುಗ, ಇದೇ ರಸ್ತೆಯಲ್ಲಿ ನಡೆದು ಹೋಗಿದ್ದ. ನಾಲ್ಕು ವರ್ಷದಲ್ಲಿ ದೇಶದ 15ರಿಂದ 20 ಲಕ್ಷ ಜನ ಸತ್ತರು. ಆ ಸರ್ಕಾರದ ಬಾವುಟದ ಮೇಲೆ ಅಂಗ್ಕೋರ್ ವಾಟ್‌ನ ಚಿತ್ರವೇ ಇತ್ತು. ಒಂದು ಕಡೆ ಅದನ್ನು ಹೆಮ್ಮೆಯಿಂದ ಹಾರಿಸುತ್ತಾ, ಇನ್ನೊಂದು ಕಡೆ ಹಳ್ಳಿಯ ಬೌದ್ಧ ವಿಹಾರಗಳನ್ನು ಒಡೆದರು, ಭಿಕ್ಷುಗಳನ್ನು ಗದ್ದೆಗೆ ಅಟ್ಟಿದರು. ಕಲ್ಲು ಓದಬಲ್ಲವರು, ದುರಸ್ತಿ ಕಲಿತವರು ಎಷ್ಟೋ ಜನ ಸತ್ತರು. ವಿಗ್ರಹ ಕಳೆದುಹೋದರೆ ಹುಡುಕಬಹುದು, ಅವರನ್ನು ಎಲ್ಲಿಂದ ತರುವುದು?

ಏಳನೇ ದಿನ: ನಾಮ್ ಪೆನ್ ಮ್ಯೂಸಿಯಂ

ಕೆಂಪು ಬಣ್ಣದ ಕಟ್ಟಡ, ಮೊನಚು ಮಾಡು, ನಡುವೆ ಅಂಗಳ, ತಾವರೆ ಕೊಳ. 1920ರಲ್ಲಿ ಶುರುವಾದ ಮ್ಯೂಸಿಯಂ. ಖ್ಮೇರ್ ರೂಜ್ ಕಾಲದಲ್ಲಿ ಊರೇ ಖಾಲಿಯಾದಾಗ ಇದೂ ಪಾಳು ಬಿತ್ತು, ಮಾಡಿನ ತುಂಬ ಬಾವಲಿ. 1979ರ ಏಪ್ರಿಲ್‌ನಲ್ಲಿ, ಬದುಕಿ ಉಳಿದ ಕೆಲವರು ಗುಡಿಸಿ ಒರೆಸಿ ಮತ್ತೆ ಬಾಗಿಲು ತೆರೆದರು. ಊಟಕ್ಕೇ ಗತಿಯಿಲ್ಲದ ಕಾಲದಲ್ಲಿ ಮೊದಲು ಮಾಡಿದ ಕೆಲಸಗಳಲ್ಲಿ ಅದೂ ಒಂದು.

ಒಳಗೆ ಬಾಂತೇ ಛ್ಮಾರ್ ಅನ್ನುವ ದೇವಸ್ಥಾನದ ಗೋಡೆಯ ತುಂಡು ಇದೆ. ಯುದ್ಧ ಮುಗಿಯುತ್ತಾ ಬಂದ 1998ರ ಕೊನೆಯಲ್ಲಿ ಸೈನಿಕರೇ ಯಂತ್ರ ತಂದು ಗೋಡೆ ಕೆಡವಿ ಸಾಗಿಸಿದ್ದರು. ಥಾಯ್ಲೆಂಡಿನಲ್ಲಿ ಲಾರಿ ತಡೆದಾಗ 117 ಕಲ್ಲುಗಳು ಸಿಕ್ಕವು. ಅದನ್ನೆಲ್ಲ ಜೋಡಿಸಿ ಇಲ್ಲಿ ನಿಲ್ಲಿಸಿದ್ದಾರೆ, ಬಹುಬಾಹು ಲೋಕೇಶ್ವರ. ಕಲ್ಲು ಕಲ್ಲಿನ ನಡುವಿನ ಬಿರುಕು ಎಣಿಸಬಹುದು. 2024ರಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂನಿಂದ ವಾಪಸ್ ಬಂದ 14 ಶಿಲ್ಪಗಳೂ ಈ ದೇಶಕ್ಕೆ ಸೇರಿ ಆರೇ ತಿಂಗಳಾಗಿತ್ತು.

ಆಮೇಲೆ ಅವರು. ದುರ್ಯೋಧನ ಮೊಣಕಾಲು ಬಾಗಿಸಿ ಈಗ ನೆಗೆಯಬೇಕು ಅನ್ನುವ ಹಾಗಿದ್ದಾನೆ. ಹಿಂಗಾಲಿನ ಮಾಂಸಖಂಡ ಬಿಗಿದಿದೆ, ಸೊಂಟದ ಬಟ್ಟೆಯ ನೆರಿಗೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿದೆ. ಮುಖದಲ್ಲಿ ಸಿಟ್ಟಿಲ್ಲ, ತುಟಿಯಂಚಿನಲ್ಲಿ ಒಂದು ಗಾಂಭೀರ್ಯ. ಎದುರಿಗೆ ಭೀಮ, ಅಗಲ ಎದೆ. ಮಾವ ಮಂಡಿ ನೋವಿನವರು, ಆದರೂ ನೆಲಕ್ಕೆ ಕೈಯೂರಿ ಕೂತು ಕಾಲಗಂಟು ನೋಡಿದರು. ಅಲ್ಲಿ ಕಲ್ಲಿನ ಬಣ್ಣ ಬೇರೆ. ಸುತ್ತಲೂ ನುಣುಪು, ಮುರಿದ ಅಂಚಿನಲ್ಲಿ ಮಾತ್ರ ಹರಳು ಹರಳು, ಕೈ ಹಾಕಿದರೆ ಪುಡಿ ಉದುರೀತು ಅನ್ನುವ ಹಾಗೆ. ಕಾವಲಿಗಿದ್ದ ಹೆಂಗಸು ಬಂದಳು. ಬಯ್ಯುತ್ತಾಳೇನೋ ಅಂದುಕೊಂಡೆ. ತಾನು ಕೂತಿದ್ದ ಸ್ಟೂಲ್ ತಂದು ಮಾವನ ಪಕ್ಕ ಇಟ್ಟಳು.

ಅರ್ಧ ತಾಸು ಕೂತರು. ಎಷ್ಟೋ ರಾತ್ರಿ ಬೆಳಗಾಗುವವರೆಗೆ ಕೌರವನ ಅರ್ಥ ಹೇಳಿದ ಮನುಷ್ಯ ಒಂದು ಮಾತೂ ಆಡಲಿಲ್ಲ.

ಈ ಮ್ಯೂಸಿಯಂನಲ್ಲಿ ಬುದ್ಧನ ವಿಗ್ರಹಗಳ ಹತ್ತಿರ ಕೂತಿರುವ ಅಜ್ಜಿಯರು ಕಡ್ಡಿಗೆ ಪೋಣಿಸಿದ ಮಲ್ಲಿಗೆ ಮೊಗ್ಗು ಕೊಡುತ್ತಾರೆ, ಅರ್ಪಿಸುವವರು ಒಂದೆರಡು ಸಾವಿರ ರಿಯೆಲ್ ಹಾಕುತ್ತಾರೆ. ಮಾವ ಎದ್ದು ಹೋಗಿ ಒಂದು ತಂದರು. ಕಾವಲಿನ ಹೆಂಗಸಿಗೆ ಮಲ್ಲಿಗೆ ತೋರಿಸಿ, ದುರ್ಯೋಧನನನ್ನು ತೋರಿಸಿ, ಇಡಬಹುದಾ ಅನ್ನುವ ಹಾಗೆ ತಲೆಯಾಡಿಸಿದರು. ಅವಳು ಸ್ವಲ್ಪ ಹೊತ್ತು ಯೋಚಿಸಿ, ಅವರ ಕೈಯಿಂದ ಕಡ್ಡಿ ತೆಗೆದುಕೊಂಡು ತಾನೇ ಬಗ್ಗಿ ಪೀಠದ ಪಕ್ಕ ನೆಲದ ಮೇಲೆ ಇಟ್ಟಳು. "ಐದು ಗಂಟೆಗೆ ತೆಗೆಯುತ್ತೇನೆ" ಅಂದಳು ಇಂಗ್ಲಿಷಿನಲ್ಲಿ.

ಗಂಟೆ ನೋಡಿದೆ. ಮೂರೂವರೆ. ಮಾವ ಮತ್ತೆ ಸ್ಟೂಲ್ ಮೇಲೆ ಕೂತರು.